ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ಮತ್ತು ಪ್ರಯಾಣಿಕರ ಸಂವಿಧಾನದತ್ತ ಹಕ್ಕುಗಳು

ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ಎಂದರೆ ಪ್ರಯಾಣಿಕ ವಿಮಾನ ಏರುವ ಮೊದಲು ಅವನ ಗುರುತು, ಮೈ ಮತ್ತು ಸಾಮಾನನ್ನು ಕಾನೂನಿನ ಅಧಿಕಾರದಡಿ ಪರೀಕ್ಷಿಸಿ, ಆಯುಧ, ಸ್ಫೋಟಕ ಮತ್ತಿತರ ನಿಷೇಧಿತ ವಸ್ತುಗಳು ವಿಮಾನದೊಳಗೆ ಹೋಗದಂತೆ ತಡೆಯುವ ಕ್ರಮ. ಭಾರತದಲ್ಲಿ ಈ ಅಧಿಕಾರಕ್ಕೆ ಸಂವಿಧಾನದ 14, 19, 21 ಮತ್ತು 25ನೇ ವಿಧಿಗಳು ಮಿತಿ ಹಾಕುತ್ತವೆ. ತಪಾಸಣೆ ನಡೆಯಬೇಕೇ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಅದು ಹೇಗೆ ನಡೆಯಬೇಕು, ಯಾರಿಗೆ ವಿನಾಯಿತಿ ಸಿಗಬೇಕು, ಸಂಗ್ರಹಿಸಿದ ಮಾಹಿತಿ ಎಷ್ಟು ದಿನ ಉಳಿಯಬೇಕು ಎಂಬುವೇ ವಿವಾದದ ವಿಷಯಗಳು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನಗಳು ಇಳಿಯುವ ನಿಲ್ದಾಣವಿಲ್ಲ. ಮೂಡಿಗೆರೆಯವರು ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಹೋಗುತ್ತಾರೆ. ಕಳಸದವರು ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಅಲ್ಲಿಗೇ ಸೇರುತ್ತಾರೆ. ಚಿಕ್ಕಮಗಳೂರಿನವರಿಗೆ ಹಾಸನದ ಮೇಲೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಅನುಕೂಲ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ಜಿಲ್ಲೆಯ ಉತ್ತರ ಭಾಗಕ್ಕೆ ಹತ್ತಿರ. ಈ ಲೇಖನದ ಉದಾಹರಣೆಗಳನ್ನು ಮುಖ್ಯವಾಗಿ ಈ ನಿಲ್ದಾಣಗಳಿಂದಲೂ ಅವುಗಳಿಗೆ ಹೋಗುವ ಘಟ್ಟದ ದಾರಿಗಳಿಂದಲೂ ಆರಿಸಲಾಗಿದೆ.

ಪರಿಭಾಷೆ

ಒಂದೇ ಕಟ್ಟಡದೊಳಗೆ ಪ್ರಯಾಣಿಕ ಮೂರು ಬೇರೆ ಬೇರೆ ಅಧಿಕಾರಗಳನ್ನು ಎದುರಿಸುತ್ತಾನೆ. ಸಮವಸ್ತ್ರಗಳ ನಡುವೆ ಇವು ಬೆರೆತುಹೋಗುವುದರಿಂದ ಮೊದಲೇ ಬಿಡಿಸಿಕೊಳ್ಳುವುದು ಅಗತ್ಯ. ‘ಭದ್ರತಾ ತಪಾಸಣೆ’ ವಿಮಾನದ ಸುರಕ್ಷತೆಗೆ ಸಂಬಂಧಿಸಿದ್ದು. ಇದನ್ನು ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, ನಡೆಸುತ್ತದೆ. ‘ಸುಂಕ ತಪಾಸಣೆ’ ಕಸ್ಟಮ್ಸ್ ಇಲಾಖೆಯದು. ಚಿನ್ನ, ಮಾದಕ ವಸ್ತು, ವಿದೇಶಿ ಹಣ ಅದರ ಗುರಿ. ‘ವಲಸೆ ತಪಾಸಣೆ’ ಇಮಿಗ್ರೇಷನ್ ಅಧಿಕಾರಿಗಳದು. ಪಾಸ್‌ಪೋರ್ಟ್, ವೀಸಾ ಮತ್ತು ಲುಕ್‌ಔಟ್ ಸುತ್ತೋಲೆಗಳನ್ನು ಅದು ನೋಡುತ್ತದೆ. ಮೂರಕ್ಕೂ ಕಾಯಿದೆ ಬೇರೆ, ಪ್ರಯಾಣಿಕನಿಗಿರುವ ರಕ್ಷಣೆಯೂ ಬೇರೆ. ಈ ಲೇಖನದಲ್ಲಿ ‘ತಪಾಸಣೆ’ ಎಂಬ ಪದವನ್ನು ವಿಶೇಷಣವಿಲ್ಲದೆ ಬಳಸಿದಲ್ಲಿ ಮೊದಲನೆಯದು ಎಂದರ್ಥ.

ಹಿನ್ನೆಲೆ

ಭಾರತದಲ್ಲಿ ತಪಾಸಣೆಯ ಪ್ರತಿ ಹಂತವೂ ಒಂದು ದುರಂತ ಅಥವಾ ಅಪಹರಣದ ಬೆನ್ನಲ್ಲೇ ಬಂದಿದೆ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಲಾಹೋರಿಗೆ ಅಪಹರಿಸಲಾಯಿತು. 1976ರ ಸೆಪ್ಟೆಂಬರ್ 10ರ ಅಪಹರಣದ ನಂತರ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದೊಳಗೆ ಒಂದು ಭದ್ರತಾ ಘಟಕ ಹುಟ್ಟಿತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದದ್ದು ಪ್ರಯಾಣಿಕನಿಲ್ಲದೆ ಹೊರಟ ಪೆಟ್ಟಿಗೆಯಲ್ಲಿ. ಆ ಬಳಿಕ, 1987ರ ಏಪ್ರಿಲ್ 1ರಂದು, ಘಟಕವು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ (ಮುಂದೆ ‘ಬ್ಯೂರೋ’) ಎಂಬ ಸ್ವತಂತ್ರ ಇಲಾಖೆಯಾಯಿತು.

1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಕಂದಹಾರಕ್ಕೆ ಒಯ್ದ ಪ್ರಕರಣ ಇಡೀ ವ್ಯವಸ್ಥೆಯನ್ನೇ ಬದಲಿಸಿತು. ಅಲ್ಲಿಯವರೆಗೆ ನಿಲ್ದಾಣದ ಭದ್ರತೆ ಆಯಾ ರಾಜ್ಯದ ಪೊಲೀಸರ ಕೈಯಲ್ಲಿತ್ತು. 2000ದ ಫೆಬ್ರವರಿ 3ರಂದು ಜೈಪುರದಿಂದ ಆರಂಭಿಸಿ ಅದನ್ನು ಸಿಐಎಸ್‌ಎಫ್‌ಗೆ ವಹಿಸಲಾಯಿತು. ಅಮೆರಿಕದಲ್ಲಿ ಇದೇ ಬಗೆಯ ಕೇಂದ್ರೀಕರಣ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನಡೆಯಿತು. ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಬಂದದ್ದು 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನಿಂದ.

ಕರ್ನಾಟಕದಲ್ಲಿ ನಿಲ್ದಾಣದ ಒಳಾಂಗಣಕ್ಕಿಂತ ಹೊರಾಂಗಣ ಎಷ್ಟು ದುರ್ಬಲ ಎಂಬುದನ್ನು ತೋರಿಸಿದ್ದು 2020ರ ಜನವರಿ 20ರ ಮಂಗಳೂರು ಪ್ರಕರಣ. ಬಜಪೆ ನಿಲ್ದಾಣದ ಟರ್ಮಿನಲ್ ಹೊರಗೆ ಬಿಟ್ಟುಹೋಗಿದ್ದ ಚೀಲವೊಂದನ್ನು ಸಿಐಎಸ್‌ಎಫ್ ಸಿಬ್ಬಂದಿ ಗುರುತಿಸಿದರು. ಅದರಲ್ಲಿದ್ದ ಸ್ಫೋಟಕ ಸಾಧನವನ್ನು ಸಮೀಪದ ಕೆಂಜಾರಿನ ಬಯಲಿಗೆ ಒಯ್ದು ನಾಶಪಡಿಸಲಾಯಿತು. ಅದನ್ನು ಇಟ್ಟವನು ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ಶರಣಾದ. 2022ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಟಿಕೆಟ್ಟೇ ಇಲ್ಲದವರೂ ಓಡಾಡುವ ಜಾಗದಲ್ಲಿ ಯಾರನ್ನು, ಯಾವ ಆಧಾರದ ಮೇಲೆ ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಒಳಗಿನ ತಪಾಸಣೆಯಷ್ಟು ಖಚಿತವಾದ ಉತ್ತರ ಕಾನೂನಿನಲ್ಲಿ ಇಲ್ಲ.

ಕಾನೂನಿನ ರಚನೆ

ಅಂತರರಾಷ್ಟ್ರೀಯ ನೆಲೆಯಲ್ಲಿ 1944ರ ಷಿಕಾಗೊ ಒಪ್ಪಂದದ 17ನೇ ಅನುಬಂಧವೇ ಮೂಲ. ಅದನ್ನು 1974ರಲ್ಲಿ ಅಂಗೀಕರಿಸಲಾಯಿತು. ದೇಶದೊಳಗೆ 1934ರ ವಿಮಾನ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದ್ದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಬ್ಯೂರೋಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ದೈನಂದಿನ ಅಧಿಕಾರ ಬರುವುದು ವಿಮಾನ (ಭದ್ರತೆ) ನಿಯಮಗಳು, 2023ರಿಂದ. ಇವು 2011ರ ನಿಯಮಗಳ ಬದಲಿಗೆ ಬಂದವು. ತಪಾಸಣೆಗೆ ಒಪ್ಪದವನನ್ನು ವಿಮಾನ ಹತ್ತಿಸುವಂತಿಲ್ಲ ಎಂಬುದು ಇಡೀ ಚೌಕಟ್ಟಿನ ತಿರುಳು.

ಇದರ ಕೆಳಗಿನ ಹಂತದಲ್ಲಿ ಬ್ಯೂರೋ ಹೊರಡಿಸುವ ಆದೇಶಗಳೂ ಸುತ್ತೋಲೆಗಳೂ ಇವೆ. ಮೈ ತಡವುವ ವಿಧಾನ, ಮರುಪರೀಕ್ಷೆಯ ಪ್ರಮಾಣ, ವಿನಾಯಿತಿಗಳ ವಿವರ ಇರುವುದು ಇಲ್ಲಿಯೇ. ಇವುಗಳಲ್ಲಿ ಬಹುಪಾಲು ಭದ್ರತೆಯ ಕಾರಣಕ್ಕೆ ಸಾರ್ವಜನಿಕರಿಗೆ ಲಭ್ಯವಿಲ್ಲ. ಭದ್ರತೆಯ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇದೆ. ಆದರೆ ತನ್ನನ್ನು ಕಟ್ಟಿಹಾಕುವ ನಿಯಮವನ್ನು ಪ್ರಯಾಣಿಕ ಓದಲಾರ. ಹಕ್ಕುಗಳ ದೃಷ್ಟಿಯಿಂದ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ವೆಚ್ಚವನ್ನು ಪ್ರಯಾಣಿಕನೇ ಭರಿಸುತ್ತಾನೆ. 2021ರ ಏಪ್ರಿಲ್ 1ರಿಂದ ದೇಶೀಯ ಟಿಕೆಟ್ಟಿನಲ್ಲಿ 200 ರೂಪಾಯಿ, ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ 12 ಡಾಲರ್ ವಿಮಾನಯಾನ ಭದ್ರತಾ ಶುಲ್ಕ ಸೇರಿದೆ.

ಸಂವಿಧಾನದ ನೆಲೆ

ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಅಕಾರಣ ಶೋಧವನ್ನು ನೇರವಾಗಿ ನಿಷೇಧಿಸುತ್ತದೆ. ಅಲ್ಲಿನ ನ್ಯಾಯಾಲಯಗಳು 1973ರ ಡೇವಿಸ್ ಪ್ರಕರಣದಿಂದ ಮುಂದೆ ನಿಲ್ದಾಣದ ತಪಾಸಣೆಯನ್ನು ಅಪರಾಧ ತನಿಖೆಯಲ್ಲದ ‘ಆಡಳಿತಾತ್ಮಕ ಶೋಧ’ ಎಂದು ವರ್ಗೀಕರಿಸಿ ಉಳಿಸಿಕೊಂಡವು. ಭಾರತದ ಸಂವಿಧಾನದಲ್ಲಿ ಅಂಥ ವಿಧಿ ಇಲ್ಲ. 1954ರ ಎಂ. ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ ಈ ಗೈರುಹಾಜರಿಯನ್ನೇ ಎತ್ತಿ ಹೇಳಿ, ಶೋಧದ ಅಧಿಕಾರವನ್ನು ಖಾಸಗಿತನದ ಹೆಸರಿನಲ್ಲಿ ಕುಗ್ಗಿಸಲು ನಿರಾಕರಿಸಿತ್ತು.

ಮುಂದಿನ ಬೆಳವಣಿಗೆ ನಡೆದದ್ದು 21ನೇ ವಿಧಿಯ ಮೂಲಕ. 1967ರ ಸತ್ವಂತ್ ಸಿಂಗ್ ಸಾಹ್ನಿ ತೀರ್ಪು ವಿದೇಶ ಪ್ರಯಾಣವನ್ನು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರ ಜನವರಿ 25ರ ಮೇನಕಾ ಗಾಂಧಿ ತೀರ್ಪಿನ ಪ್ರಕಾರ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಬೇಕು. ದೇಶದೊಳಗಿನ ಸಂಚಾರ 19(1)(ಡಿ)ಯ ಹಕ್ಕು. ಸಾರ್ವಜನಿಕ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹೇರಲು 19(5) ಅವಕಾಶ ಕೊಡುತ್ತದೆ.

ಕರ್ನಾಟಕಕ್ಕೆ ಸೇರಿದ ಮೂರು ಪ್ರಕರಣಗಳು ಈ ಕ್ಷೇತ್ರದಲ್ಲಿ ವಿಶೇಷ ತೂಕ ಪಡೆದಿವೆ. 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ತಳ್ಳಿಹಾಕಿ, ದೇಹ ಮತ್ತು ಮನಸ್ಸಿನ ಮೇಲಿನ ಸ್ವಾಮ್ಯವನ್ನು 20(3) ಮತ್ತು 21ನೇ ವಿಧಿಗಳ ಜೊತೆ ಜೋಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಎಂ. ಪಿ. ಶರ್ಮಾ ತೀರ್ಪಿನ ವ್ಯತಿರಿಕ್ತ ಮಾತನ್ನು ರದ್ದುಗೊಳಿಸಿತು. ಆ ತೀರ್ಪು ಕೊಟ್ಟ ಅಳತೆಗೋಲು ಇಂದು ತಪಾಸಣೆಗೂ ಅನ್ವಯ: ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯಬದ್ಧವಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು, ದುರುಪಯೋಗಕ್ಕೆ ತಡೆ ಇರಬೇಕು. ಮೂರನೆಯದು 2021ರ ಮಾರ್ಚ್ 12ರ ವೀರೇಂದ್ರ ಖನ್ನಾ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು. ಫೋನ್ ಮತ್ತು ಕಂಪ್ಯೂಟರಿನ ಶೋಧಕ್ಕೆ ಅನುಸರಿಸಬೇಕಾದ ಕ್ರಮವನ್ನು ಕರ್ನಾಟಕ ಹೈಕೋರ್ಟ್ ಅದರಲ್ಲಿ ಹಾಕಿಕೊಟ್ಟಿತು. ನಿಲ್ದಾಣದಲ್ಲಿ ಲ್ಯಾಪ್‌ಟಾಪನ್ನು ತಟ್ಟೆಯಲ್ಲಿ ಇಡಿಸುವುದು, ಹೊತ್ತಿಸಿ ತೋರಿಸಲು ಹೇಳುವುದು ತಪಾಸಣೆಯ ವ್ಯಾಪ್ತಿಯಲ್ಲಿದೆ. ಅದರೊಳಗಿನ ಸಂದೇಶ, ಚಿತ್ರಗಳನ್ನು ಓದುವುದು ಆ ವ್ಯಾಪ್ತಿಗೆ ಬರುವುದಿಲ್ಲ.

ಎಲ್ಲರಿಗೂ ಒಂದೇ ತಪಾಸಣೆ ಎಂಬುದಕ್ಕೂ ಅಪವಾದವಿದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಮೊದಲಾದವರಿಗೆ ಮೈ ತಪಾಸಣೆಯಿಂದ ವಿನಾಯಿತಿ ಕೊಡುವ ಪಟ್ಟಿಯೊಂದು ಜಾರಿಯಲ್ಲಿದೆ. ಹೈಕೋರ್ಟ್ ನ್ಯಾಯಮೂರ್ತಿಗಳನ್ನೂ ಅದಕ್ಕೆ ಸೇರಿಸಬೇಕೆಂಬ ರಾಜಸ್ಥಾನ ಹೈಕೋರ್ಟಿನ ನಿರ್ದೇಶನವನ್ನು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿ, ಭದ್ರತೆಯ ನಿರ್ಧಾರ ತಜ್ಞರದು, ನ್ಯಾಯಾಲಯದ್ದಲ್ಲ ಎಂದಿತು. ನ್ಯಾಯಾಂಗ ಈ ವಿಷಯದಲ್ಲಿ ಎಷ್ಟು ದೂರ ಬರಲು ಸಿದ್ಧವಿದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ತಪಾಸಣೆಯ ಹಂತಗಳು ಮತ್ತು ಉಪಕರಣಗಳು

ಟರ್ಮಿನಲ್ ಬಾಗಿಲಲ್ಲಿ ಟಿಕೆಟ್ಟು ಮತ್ತು ಗುರುತಿನ ಚೀಟಿ ನೋಡುತ್ತಾರೆ. ಒಳಗೆ ಪ್ರಯಾಣಿಕ ಲೋಹಶೋಧಕ ಚೌಕಟ್ಟನ್ನು ದಾಟುತ್ತಾನೆ. ನಂತರ ಕೈಯಲ್ಲಿ ಹಿಡಿಯುವ ಶೋಧಕದಿಂದ, ಬೇಕಾದರೆ ಕೈಯಿಂದ ತಡವಿ ಪರೀಕ್ಷೆ. ಕೈಚೀಲದ ಮೇಲೆ ಮೊಹರು ಹಾಕುವ ಪದ್ಧತಿಯನ್ನು 2017ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿ ಏಳು ನಿಲ್ದಾಣಗಳಲ್ಲಿ ಮೊದಲು ಕೈಬಿಡಲಾಯಿತು. ಎಚ್ಚರಿಕೆಯ ಕಾಲದಲ್ಲಿ ವಿಮಾನದ ಮೆಟ್ಟಿಲ ಬಳಿ ಇನ್ನೊಂದು ಸುತ್ತಿನ ತಪಾಸಣೆ ಇರುತ್ತದೆ. 2025ರ ಮೇ ತಿಂಗಳಲ್ಲಿ ಗಡಿ ಸಂಘರ್ಷದ ವೇಳೆ ಇದನ್ನು ಎಲ್ಲ ಪ್ರಯಾಣಿಕರಿಗೂ ಕಡ್ಡಾಯ ಮಾಡಲಾಗಿತ್ತು.

ಎಕ್ಸ್‌ರೇ ಪರದೆಯಲ್ಲಿ ಸಾವಯವ ವಸ್ತು ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ, ನಡುವಿನ ಸಾಂದ್ರತೆಯವು ಹಸಿರಿನಲ್ಲಿ ಕಾಣುತ್ತವೆ. ಕಾಫಿ ಸೀಮೆಯಿಂದ ಹೊರಟ ಚೀಲಗಳನ್ನು ಹೆಚ್ಚಾಗಿ ಬಿಚ್ಚಿಸುವುದಕ್ಕೆ ಕಾರಣ ಇಲ್ಲಿದೆ. ಗಾಳಿ ತೆಗೆದು ಗಟ್ಟಿಯಾಗಿ ಕಟ್ಟಿದ ಒಂದು ಕಿಲೋ ಕಾಫಿ ಪುಡಿ ಕಿತ್ತಳೆ ಬಣ್ಣದ ಒತ್ತಾದ ಇಟ್ಟಿಗೆಯಾಗಿ ಮೂಡುತ್ತದೆ. ಹಲವು ಸ್ಫೋಟಕಗಳೂ ಸಾವಯವವಾದ್ದರಿಂದ ಅದೇ ಬಣ್ಣ ತಳೆಯುತ್ತವೆ. ಬಣ್ಣ ನೋಡಿ ಎರಡನ್ನೂ ಬೇರ್ಪಡಿಸಲಾಗದು, ಆದ್ದರಿಂದ ಪೊಟ್ಟಣ ಹೊರತೆಗೆಸುತ್ತಾರೆ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರ ಜೂನ್ 30ರಿಂದ ಇನ್ನೊಂದು ಕಟ್ಟಳೆ ಇದೆ: ಕೈಚೀಲದಲ್ಲಿ 350 ಮಿಲಿಲೀಟರಿನಷ್ಟು ಅಥವಾ ಹೆಚ್ಚಿನ ಪುಡಿ ಇದ್ದರೆ ಪ್ರತ್ಯೇಕ ಪರೀಕ್ಷೆ, ಗುರುತಿಸಲಾಗದಿದ್ದರೆ ಅದನ್ನು ಬಿಟ್ಟುಹೋಗಬೇಕು. ಅಮೆರಿಕದಲ್ಲಿರುವ ಮಗಳ ಮನೆಗೆ ಚಿಕ್ಕಮಗಳೂರಿನ ಪುಡಿ ಒಯ್ಯುವವರು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಈ ತೊಡಕಿಲ್ಲ.

ಸ್ಫೋಟಕದ ಸುಳಿವು ಹಿಡಿಯುವ ಯಂತ್ರ ಇನ್ನೂ ಸೂಕ್ಷ್ಮ. ಬಟ್ಟೆಯ ತುಣುಕಿನಿಂದ ಕೈ ಅಥವಾ ಚೀಲ ಒರೆಸಿ ಯಂತ್ರಕ್ಕೆ ಕೊಡುತ್ತಾರೆ. ನೈಟ್ರೇಟಿನ ಅಲ್ಪ ಪ್ರಮಾಣಕ್ಕೂ ಅದು ಕೂಗಬಹುದು. ತೋಟಕ್ಕೆ ರಸಗೊಬ್ಬರ ಹಾಕಿದ ಕೈ, ಗೊಬ್ಬರದ ಚೀಲದ ಪಕ್ಕದಲ್ಲಿ ಜೀಪಿನಲ್ಲಿ ಬಂದ ಬ್ಯಾಗು, ಗ್ಲಿಸರಿನ್ ಇರುವ ಮುಲಾಮು ಇವೆಲ್ಲ ಹುಸಿ ಸೂಚನೆಗೆ ಕಾರಣವಾಗಬಲ್ಲವು. ಸೂಚನೆ ಬಂದರೆ ಮರುಪರೀಕ್ಷೆ ಮತ್ತು ವಿಚಾರಣೆ ನಡೆಯುತ್ತದೆ. ಸೂಚನೆಯೊಂದೇ ಅಪರಾಧಕ್ಕೆ ಪುರಾವೆಯಲ್ಲ.

ಇಡೀ ದೇಹದ ಸ್ಕ್ಯಾನರನ್ನು ಸೂಕ್ಷ್ಮ ನಿಲ್ದಾಣಗಳಲ್ಲಿ ಅಳವಡಿಸಲು ಬ್ಯೂರೋ 2019ರಲ್ಲಿ ಸೂಚಿಸಿತು. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಅದರ ಪ್ರಯೋಗ ನಡೆದಿದೆ. ಅಮೆರಿಕದಲ್ಲಿ ಮೊದಲ ತಲೆಮಾರಿನ ಯಂತ್ರಗಳು ಬೆತ್ತಲೆ ದೇಹದಂಥ ಚಿತ್ರ ತೋರಿಸಿ ವಿವಾದ ಎಬ್ಬಿಸಿ, 2013ರಲ್ಲಿ ತೆರವಾದವು. ಈಗಿನ ಮಿಲಿಮೀಟರ್ ತರಂಗದ ಯಂತ್ರಗಳು ನಿಜವಾದ ಮೈಯನ್ನು ತೋರಿಸದೆ, ಎಲ್ಲರಿಗೂ ಒಂದೇ ಆದ ಗೊಂಬೆಯಾಕೃತಿಯ ಮೇಲೆ ಅನುಮಾನದ ಜಾಗವನ್ನಷ್ಟೇ ಗುರುತಿಸುತ್ತವೆ.

ದೇಹ ಮತ್ತು ಘನತೆ

ಹೆಣ್ಣುಮಕ್ಕಳನ್ನು ಹೆಣ್ಣು ಸಿಬ್ಬಂದಿಯೇ, ಮರೆಯಲ್ಲಿ, ಪರೀಕ್ಷಿಸಬೇಕು. ಶೋಧ ಹೆಣ್ಣಿನಿಂದಲೇ ನಡೆಯಬೇಕೆಂಬ ತತ್ವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಕಲಮಿನಲ್ಲೂ ಸುಂಕ ಕಾಯಿದೆಯ 102ನೇ ಕಲಮಿನಲ್ಲೂ ಇದೆ. 2023ರ ಜನವರಿಯಲ್ಲಿ ಬೆಂಗಳೂರು ನಿಲ್ದಾಣದಲ್ಲಿ ತನ್ನ ಮೇಲಂಗಿ ತೆಗೆಸಲಾಯಿತು ಎಂದು ಯುವತಿಯೊಬ್ಬರು ಸಾರ್ವಜನಿಕವಾಗಿ ಆರೋಪಿಸಿದಾಗ, ನಿಲ್ದಾಣದ ಆಡಳಿತ ವಿಷಾದ ವ್ಯಕ್ತಪಡಿಸಿತು. ಜಾಕೆಟ್, ಸ್ವೆಟರ್ ತೆಗೆಸುವುದು ಸಾಮಾನ್ಯ ಕ್ರಮ. ಮೈ ಮುಚ್ಚುವ ಏಕೈಕ ಉಡುಪನ್ನು ತೆರೆದ ಸಾಲಿನಲ್ಲಿ ತೆಗೆಸುವುದಕ್ಕೆ ಪುಟ್ಟಸ್ವಾಮಿ ತೀರ್ಪಿನ ಅಳತೆಯಲ್ಲಿ ಜಾಗವಿಲ್ಲ.

ಅಂಗವಿಕಲರ ಹೋರಾಟವೇ ಈ ಕ್ಷೇತ್ರದಲ್ಲಿ ಹೆಚ್ಚಿನ ಫಲ ತಂದಿದೆ. ಸೆರೆಬ್ರಲ್ ಪಾಲ್ಸಿ ಇದ್ದ ಜೀಜಾ ಘೋಷ್ ಅವರನ್ನು 2012ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಲಾಗಿತ್ತು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಘನತೆ 21ನೇ ವಿಧಿಯ ಭಾಗ ಎಂದು ಒತ್ತಿ ಹೇಳಿತು. 2021ರ ಅಕ್ಟೋಬರಿನಲ್ಲಿ ನಟಿ, ನೃತ್ಯಗಾರ್ತಿ ಸುಧಾ ಚಂದ್ರನ್ ಪ್ರತಿ ಪ್ರಯಾಣದಲ್ಲೂ ತಮ್ಮ ಕೃತಕ ಕಾಲು ಬಿಚ್ಚಿಸುತ್ತಾರೆಂದು ದೂರಿದಾಗ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೃತಕ ಅಂಗ ಬಿಚ್ಚಿಸಬಾರದು, ಅಂಗವಿಕಲರನ್ನು ಅವರ ಒಪ್ಪಿಗೆಯಿಲ್ಲದೆ ಎತ್ತಬಾರದು ಎಂದಿತು.

ಭಾಷೆಯೂ ಘನತೆಯ ವಿಷಯವೇ. ಸಿಐಎಸ್‌ಎಫ್ ಸಿಬ್ಬಂದಿ ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ‘ಬೆಲ್ಟ್ ತೆಗೆಯಿರಿ, ಕೈ ಚಾಚಿ’ ಎಂಬ ಮಾತು ಬರೀ ಹಿಂದಿಯಲ್ಲಿ ಬಂದರೆ, ಮೊದಲ ಸಲ ವಿಮಾನ ಹತ್ತುವ ಕಳಸದ ಹಿರಿಯರಿಗೆ ಅರ್ಥವಾಗದು. ತಡವರಿಸಿದವರ ಮೇಲೆ ಅನುಮಾನ ಮೂಡುವುದೂ ಉಂಟು. 2018ರ ಡಿಸೆಂಬರಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಣೆಗಳನ್ನು ಮೊದಲು ಸ್ಥಳೀಯ ಭಾಷೆಯಲ್ಲಿ ಮಾಡಬೇಕೆಂದು ತನ್ನ ನಿಲ್ದಾಣಗಳಿಗೆ ಸೂಚಿಸಿತು. 2020ರ ಆಗಸ್ಟಿನಲ್ಲಿ ಚೆನ್ನೈ ನಿಲ್ದಾಣದಲ್ಲಿ ಹಿಂದಿ ಬಾರದ ಕಾರಣಕ್ಕೆ ಸಂಸದೆ ಕನಿಮೊಳಿ ಅವರಿಗಾದ ಕಹಿ ಅನುಭವದ ನಂತರ, ಸ್ಥಳೀಯ ಭಾಷೆ ಬಲ್ಲ ಸಿಬ್ಬಂದಿಯನ್ನು ನೇಮಿಸುವ ಮಾತನ್ನು ಸಿಐಎಸ್‌ಎಫ್ ಆಡಿತು.

ಧಾರ್ಮಿಕ ವಸ್ತುಗಳು

ಸಿಖ್ ಪ್ರಯಾಣಿಕರು ದೇಶೀಯ ವಿಮಾನಗಳಲ್ಲಿ ಕಿರ್ಪಾಣ ಧರಿಸಬಹುದು. ಅದರ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು. 2022ರ ಮಾರ್ಚಿನ ಈ ಆದೇಶವನ್ನು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರಿನಲ್ಲಿ ವಜಾ ಮಾಡಿತು. 25ನೇ ವಿಧಿಯ ವಿವರಣೆಯಲ್ಲೇ ಕಿರ್ಪಾಣದ ಉಲ್ಲೇಖ ಇರುವುದು ಈ ವಿನಾಯಿತಿಗೆ ಬಲ.

ಮಲೆನಾಡಿಗೆ ಹತ್ತಿರದ ಉದಾಹರಣೆ ಶಬರಿಮಲೆಯ ಇರುಮುಡಿ. ಎಣ್ಣೆಯಂಶ ಹೆಚ್ಚಿರುವ ಕಾರಣ ತೆಂಗಿನಕಾಯಿ ಬೆಂಕಿ ಹೊತ್ತಬಲ್ಲ ವಸ್ತುವೆಂದು ಕೈಚೀಲದಲ್ಲಿ ನಿಷಿದ್ಧ. ಅಯ್ಯಪ್ಪ ವ್ರತಧಾರಿಗೆ ತುಪ್ಪ ತುಂಬಿದ ಕಾಯಿಯನ್ನು ಬೇರೆ ಪೆಟ್ಟಿಗೆಗೆ ಹಾಕಿ ಕಳಿಸುವುದು ಆಚಾರಕ್ಕೆ ಒಗ್ಗದು. 2022ರ ನವೆಂಬರಿನಲ್ಲಿ ಬ್ಯೂರೋ, ಎಕ್ಸ್‌ರೇ ಮತ್ತು ಕೈ ಪರೀಕ್ಷೆಯ ನಂತರ ಇರುಮುಡಿಯ ಕಾಯಿಯನ್ನು ಜೊತೆಯಲ್ಲಿ ಒಯ್ಯಲು ಮಕರಜ್ಯೋತಿಯ ಅವಧಿ ಮುಗಿಯುವ 2023ರ ಜನವರಿ 20ರವರೆಗೆ ಅವಕಾಶ ಕೊಟ್ಟಿತು. ಮುಂದಿನ ಋತುಗಳಲ್ಲೂ ಇಂಥ ತಾತ್ಕಾಲಿಕ ಅನುಮತಿ ನೀಡಲಾಗಿದೆ. ಇದು ಹಕ್ಕಿನ ರೂಪ ಪಡೆಯದೆ, ಋತುಮಾನದ ರಿಯಾಯಿತಿಯಾಗಿಯೇ ಉಳಿದಿದೆ.

ತೋಟದ ಕೋವಿ ಮತ್ತು ಮರೆತ ತೋಟೆ

ಕಾಫಿ ಸೀಮೆಯ ಪ್ರಯಾಣಿಕರು ನಿಲ್ದಾಣದಲ್ಲಿ ಕ್ರಿಮಿನಲ್ ಮೊಕದ್ದಮೆಗೆ ಸಿಲುಕುವ ಸಂಭವ ಹೆಚ್ಚಾಗಿರುವುದು ಇಲ್ಲಿ. ಕಾಡುಹಂದಿ, ಮಂಗಗಳ ಕಾಟ ಇರುವ ತೋಟಗಳಲ್ಲಿ ಪರವಾನಗಿಯ ಕೋವಿ ಸಾಮಾನ್ಯ. ಕೊಡಗಿನ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಕಾಯಿದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕರ್ನಾಟಕ ಹೈಕೋರ್ಟ್ ಅದನ್ನು 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿದಿದೆ. ಮೂಡಿಗೆರೆ, ಕಳಸದ ಬೆಳೆಗಾರರಿಗೆ ಆ ವಿನಾಯಿತಿ ಇಲ್ಲ.

ಕೋವಿಯನ್ನು ವಿಮಾನದಲ್ಲಿ ಒಯ್ಯುವುದಾದರೆ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ, ಈಡು ತೆಗೆದು, ಪರವಾನಗಿ ತೋರಿಸಿ, ಸಾಮಾನು ವಿಭಾಗದಲ್ಲಿ ಕಳಿಸಬೇಕು. ಹೀಗೆ ಒಯ್ಯುವವರು ವಿರಳ. ತೋಟ ಸುತ್ತಲು ಒಯ್ದಿದ್ದ ಚೀಲವನ್ನೇ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ತೆಗೆದುಕೊಂಡು ಹೋಗುವುದು ನಿಜವಾದ ಅಪಾಯ. ಹನ್ನೆರಡು ಬೋರಿನ ಒಂದು ತೋಟೆ ಪಕ್ಕದ ಜೇಬಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದರೂ ಎಕ್ಸ್‌ರೇ ಪರದೆಯಲ್ಲಿ ಅದರ ಹಿತ್ತಾಳೆಯ ತಳವೂ ಸೀಸದ ಚರೆಯೂ ಗಾಢ ನೀಲಿಯಾಗಿ ಕಾಣುತ್ತವೆ. ಸಿಐಎಸ್‌ಎಫ್ ಪ್ರಯಾಣಿಕನನ್ನು ನಿಲ್ದಾಣದ ಪೊಲೀಸ್ ಠಾಣೆಗೆ ಒಪ್ಪಿಸುತ್ತದೆ. ಪರವಾನಗಿ ತೋರಿಸಲಾಗದಿದ್ದರೆ 1959ರ ಶಸ್ತ್ರ ಕಾಯಿದೆಯ 25ನೇ ಕಲಮಿನಡಿ ಎಫ್‌ಐಆರ್ ಆಗುತ್ತದೆ.

ಇಲ್ಲಿ ನ್ಯಾಯಾಲಯಗಳು ಪ್ರಯಾಣಿಕನ ನೆರವಿಗೆ ಬಂದಿವೆ. 1972ರ ಗುಣವಂತಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಾಯಿದೆ ಹೇಳುವ ‘ವಶ’ದಲ್ಲಿ ತನ್ನ ಬಳಿ ಅದಿದೆ ಎಂಬ ಅರಿವು ಸೇರಿರಬೇಕು ಎಂದಿತು, 1994ರ ಸಂಜಯ್ ದತ್ ಪ್ರಕರಣದಲ್ಲೂ ಪ್ರಜ್ಞಾಪೂರ್ವಕ ವಶದ ಮಾತು ಬಂದಿದೆ. ಈ ತತ್ವದ ಮೇಲೆ, ಚೀಲದಲ್ಲಿ ಮರೆತುಹೋದ ಒಂಟಿ ತೋಟೆಯ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ಹಲವು ಸಲ ರದ್ದುಪಡಿಸಿದೆ. ಆದರೆ ರದ್ದತಿ ಬರುವುದು ತಿಂಗಳುಗಳ ನಂತರ. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ಪಾಸ್‌ಪೋರ್ಟ್ ನವೀಕರಣಕ್ಕೂ ಮೊಕದ್ದಮೆ ಅಡ್ಡ ಬರುತ್ತದೆ. ಕಸಿ ಚಾಕು, ಗಿಡ ಕತ್ತರಿಸುವ ಕತ್ತರಿ, ಕತ್ತಿ ಇವು ಕೈಚೀಲದಲ್ಲಿ ನಿಷಿದ್ಧ. ಸಿಕ್ಕಿದರೆ ಸಾಮಾನ್ಯವಾಗಿ ವಸ್ತುವನ್ನಷ್ಟೇ ಬಿಟ್ಟುಹೋಗಬೇಕಾಗುತ್ತದೆ.

ಸುಂಕ ಮತ್ತು ವಲಸೆ

ಕೊಲ್ಲಿ ರಾಷ್ಟ್ರಗಳಿಂದ ಮಂಗಳೂರಿಗೆ ಇಳಿಯುವವರಿಗೆ ಸುಂಕ ತಪಾಸಣೆಯೇ ಹೆಚ್ಚು ಪರಿಚಿತ. ಇಲ್ಲಿ ಪ್ರಯಾಣಿಕನ ಹಕ್ಕು ಕಾಯಿದೆಯಲ್ಲೇ ಬರೆದಿದೆ: ಮೈ ಶೋಧಕ್ಕೆ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಎಂದು ಕೇಳಬಹುದು, ದೇಹದೊಳಗೆ ಅಡಗಿಸಿದ ಚಿನ್ನದ ಅನುಮಾನಕ್ಕೆ ಎಕ್ಸ್‌ರೇ ತೆಗೆಯಲು 103ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಪ್ರಯಾಣಿಕ ತಾನೇ ಒಪ್ಪಿಕೊಂಡರೆ ಬೇಡ. ಮಾದಕ ವಸ್ತು ಕಾಯಿದೆಯ 50ನೇ ಕಲಮಿನಲ್ಲೂ ಇಂಥದೇ ರಕ್ಷಣೆ ಇದೆ, ಆದರೆ ಅದು ಮೈಗೆ ಮಾತ್ರ, ಚೀಲಕ್ಕಲ್ಲ ಎಂದು 2005ರ ಪವನ್ ಕುಮಾರ್ ತೀರ್ಪು ಹೇಳುತ್ತದೆ. ಭದ್ರತಾ ತಪಾಸಣೆಯಲ್ಲಿ ಇವು ಯಾವುವೂ ಇಲ್ಲ.

ವಲಸೆ ಕೌಂಟರಿನಲ್ಲಿ ತಡೆಯುವ ಲುಕ್‌ಔಟ್ ಸುತ್ತೋಲೆಯ ಬಗ್ಗೆ ಪ್ರಯಾಣಿಕನಿಗೆ ಮುಂಚೆ ಗೊತ್ತಿರುವುದಿಲ್ಲ. ಉಡುಪಿ ಮೂಲದ ಉದ್ಯಮಿ ಬಿ. ಆರ್. ಶೆಟ್ಟಿ ಅವರನ್ನು 2020ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತಡೆಯಲಾಯಿತು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಚಿಕಿತ್ಸೆಗಾಗಿ ಷರತ್ತಿನ ಮೇಲೆ ವಿದೇಶಕ್ಕೆ ಹೋಗಲು ಬಿಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟ್, ಸರ್ಕಾರಿ ಬ್ಯಾಂಕುಗಳಿಗೆ ಇಂಥ ಸುತ್ತೋಲೆ ಕೋರುವ ಅಧಿಕಾರ ಇಲ್ಲವೆಂದು ತೀರ್ಪಿತ್ತಿತು.

ಮುಖಚಹರೆ ಮತ್ತು ಮಾಹಿತಿ

2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ‘ಡಿಜಿ ಯಾತ್ರಾ’ ಆರಂಭವಾಯಿತು. ಮುಂದೆ ಮಂಗಳೂರಿಗೂ ವಿಸ್ತರಿಸಿತು. ಆಧಾರ್ ಮೂಲಕ ದೃಢಪಡಿಸಿದ ಮುಖಚಹರೆಯೇ ಇಲ್ಲಿ ಪ್ರವೇಶ ಪತ್ರ. ಇದನ್ನು ನಡೆಸುವುದು ಡಿಜಿ ಯಾತ್ರಾ ಫೌಂಡೇಷನ್ ಎಂಬ ಲಾಭರಹಿತ ಕಂಪನಿ. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 26, ಉಳಿದದ್ದು ಬೆಂಗಳೂರು ಸೇರಿ ಐದು ನಿಲ್ದಾಣ ಕಂಪನಿಗಳದು. ಮಾಹಿತಿ ಪ್ರಯಾಣಿಕನ ಫೋನಿನಲ್ಲೇ ಇರುತ್ತದೆ, ನಿಲ್ದಾಣದ ಗಣಕದಿಂದ ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಲಾಗುತ್ತದೆ ಎಂಬುದು ಅಧಿಕೃತ ಹೇಳಿಕೆ. ಬಳಕೆ ಐಚ್ಛಿಕ. ಒಪ್ಪದವರಿಗೆ ಗುರುತಿನ ಚೀಟಿಯ ಹಳೆಯ ಸಾಲು ಉಳಿದಿರಬೇಕು. ಆ ಸಾಲು ಕಿರಿದಾದಷ್ಟೂ ಐಚ್ಛಿಕತೆಯೂ ತೆಳುವಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸರ್ಕಾರಿ ಸಂಸ್ಥೆಗಳಿಗೆ ದೇಶದ ಭದ್ರತೆಯ ಹೆಸರಿನಲ್ಲಿ ವಿನಾಯಿತಿ ನೀಡುವ ಅಧಿಕಾರ ಅದೇ ಕಾಯಿದೆಯ 17ನೇ ಕಲಮಿನಲ್ಲಿದೆ.

ಘಟ್ಟದ ಗೇಟುಗಳು

ಮಲೆನಾಡಿನ ಪ್ರಯಾಣಿಕನಿಗೆ ತಪಾಸಣೆ ಬಜಪೆಯಲ್ಲಿ ಮೊದಲಾಗುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟುಗಳಲ್ಲಿ ಅರಣ್ಯ ಇಲಾಖೆ ಹೊತ್ತು ಬರೆದ ಚೀಟಿ ಕೊಡುತ್ತದೆ. ಕೊಟ್ಟಿಗೆಹಾರದಲ್ಲಿ ಪೊಲೀಸ್ ಚೆಕ್‌ಪೋಸ್ಟ್ ಇದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವವರ ವಾಹನಗಳನ್ನು ಕೈಮರದಲ್ಲಿ ಮದ್ಯ ಮತ್ತು ಪ್ಲಾಸ್ಟಿಕ್ಕಿಗಾಗಿ ನೋಡುತ್ತಾರೆ; ದತ್ತ ಜಯಂತಿಯ ದಿನಗಳಲ್ಲಿ ಈ ಕಾವಲು ಬಿಗಿಯಾಗುತ್ತದೆ. 2000ದ ದಶಕದಿಂದ ನಕ್ಸಲ್ ನಿಗ್ರಹ ಪಡೆ ಈ ದಾರಿಗಳಲ್ಲಿ ವಾಹನ ನಿಲ್ಲಿಸಿ ವಿಚಾರಿಸುತ್ತಿತ್ತು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಶರಣಾದ ಮೇಲೆ ಆ ಒತ್ತಡ ತಗ್ಗಿದೆ.

ಈ ಗೇಟುಗಳಿಗೂ ನಿಲ್ದಾಣಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. ವಿಮಾನ ಹತ್ತದೆ ಇರುವ ಆಯ್ಕೆ ಪ್ರಯಾಣಿಕನಿಗೆ ಇದೆ, ಆದ್ದರಿಂದ ತಪಾಸಣೆಗೆ ಅವನ ಸಮ್ಮತಿ ಇದೆಯೆಂದು ಭಾವಿಸಲಾಗುತ್ತದೆ. ಮನೆಗೆ ಹೋಗುವ ಏಕೈಕ ರಸ್ತೆಯಲ್ಲಿ ಅಂಥ ಆಯ್ಕೆ ಇಲ್ಲ. ಹಾಗಾಗಿ ಪೊಲೀಸರು ವಾರಂಟ್ ಇಲ್ಲದೆ ತನಿಖೆಗಾಗಿ ಶೋಧಿಸುವಾಗ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನಂತೆ ಕಾರಣ ಬರೆದಿಡಬೇಕು, 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. ಕಾಗದದ ಮೇಲೆ, ಚಾರ್ಮಾಡಿಯ ಜೀಪಿಗೆ ಬಜಪೆಯ ಕೈಚೀಲಕ್ಕಿಂತ ಹೆಚ್ಚಿನ ರಕ್ಷಣೆ ಇದೆ.

ಪರಿಹಾರ ಮಾರ್ಗಗಳು ಮತ್ತು ಇಂದಿನ ಸ್ಥಿತಿ

ಸ್ಥಳದಲ್ಲೇ ಪ್ರಯಾಣಿಕ ಮರೆಯ ಕೋಣೆಯ ಪರೀಕ್ಷೆ ಕೇಳಬಹುದು, ಪಾಳಿಯ ಮೇಲಧಿಕಾರಿಯನ್ನು ಕರೆಸಬಹುದು. ನಂತರ ಸಿಐಎಸ್‌ಎಫ್‌ಗೆ ಅಥವಾ ವಿಮಾನಯಾನ ಸಚಿವಾಲಯದ ಏರ್‌ಸೇವಾ ವೇದಿಕೆಗೆ ದೂರಬಹುದು. ಅಂಗವಿಕಲರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಮುಖ್ಯ ಆಯುಕ್ತರ ಕಚೇರಿ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೈ ಇಲ್ಲಿ ಅರ್ಧ ಕಟ್ಟಿದೆ: ಕೇಂದ್ರದ ಸಶಸ್ತ್ರ ಪಡೆಗಳ ವಿರುದ್ಧದ ದೂರಿನಲ್ಲಿ ಅದು ಸರ್ಕಾರದಿಂದ ವರದಿ ಕೇಳಿ ಶಿಫಾರಸು ಮಾಡಬಲ್ಲದು, ತಾನೇ ತನಿಖೆ ನಡೆಸಲಾರದು. ಸಿಐಎಸ್‌ಎಫ್ ಮಾಹಿತಿ ಹಕ್ಕು ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯನ್ನಷ್ಟೇ ಅದರಿಂದ ಕೇಳಬಹುದು.

2024ರ ಅಕ್ಟೋಬರಿನಲ್ಲಿ ದೇಶದ ವಿಮಾನಗಳಿಗೆ ಸಾಲುಸಾಲಾಗಿ ಹುಸಿ ಬಾಂಬ್ ಬೆದರಿಕೆಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಭದ್ರತಾ ನಿಯಮಗಳಿಗೆ ತಿದ್ದುಪಡಿ ತಂದು, ಹುಸಿ ಸುದ್ದಿಗೆ 1 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಮಾಡಿ, ಭದ್ರತೆಯ ಹಿತದಲ್ಲಿ ಯಾವುದೇ ವ್ಯಕ್ತಿಗೆ ವಿಮಾನ ಪ್ರವೇಶ ನಿರಾಕರಿಸುವ ಅಧಿಕಾರವನ್ನು ಬ್ಯೂರೋದ ಮಹಾನಿರ್ದೇಶಕರಿಗೆ ನೀಡಲಾಯಿತು.

ಕೊನೆಯ ಮಾರ್ಗ ಸಂವಿಧಾನದ 226ನೇ ವಿಧಿಯಡಿ ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ. ಹೈಕೋರ್ಟಿನ ಪೀಠಗಳು ಧಾರವಾಡ, ಕಲಬುರಗಿಗಳಲ್ಲಿವೆ. ಚಿಕ್ಕಮಗಳೂರು, ದಕ್ಷಿಣ ಕನ್ನಡ ಎರಡೂ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಸೇರಿವೆ. ಬಜಪೆಯಲ್ಲಿ ತೊಂದರೆಯಾದ ಮೂಡಿಗೆರೆಯ ಪ್ರಯಾಣಿಕನ ಅರ್ಜಿ ದಾಖಲಾಗುವುದು ಬೆಂಗಳೂರಿನಲ್ಲಿ.